ಮಾವನ ಕೈಗೆ ಸಿಕ್ಕ ಮಾವಿನ ಮರ

ನಮ್ಮ ಮಾವ ನಿವೃತ್ತ ಕಾಂಪೌಂಡರ್. ದವಾಖಾನೆ ಬಿಟ್ಟರೂ ಔಷಧಿ ಕೊಡುವ ಚಟ ಬಿಟ್ಟಿರಲಿಲ್ಲ. ಅವರೆದುರು ಸೀನಲು ಮನೆಯವರೆಲ್ಲ ಹೆದರತೊಡಗಿದ ಮೇಲೆ, ಸೀನಲಾರದ, ಓಡಲೂ ಆಗದ ಹಿತ್ತಲಿನ ಮಾವಿನ ಮರ ಅವರ ಕೈಗೆ ಸಿಕ್ಕಿತು. ಬೆಳಗಾದರೆ ಬಕೆಟ್‌ನಲ್ಲಿ ಟಾನಿಕ್. ಬುಡಕ್ಕೆ ಮೊಣಕಾಲೆತ್ತರ ಮಣ್ಣಿನ ಕಂಬಳಿ. ಎಲೆ ಹಳದಿಯಾಯಿತು, ಕೊಂಬೆಗಳು ಒಣಗಿದವು.

“ನನ್ನ ಕಾರಿನ ಮೇಲೆ ಬಿದ್ರೆ ಏನ್ರೀ ಗತಿ? ಕಡಿಸಿಬಿಡಿ” ಎಂದು ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ದಿನವೂ ವರಾತ ತೆಗೆದಳು. ನನ್ನ ಗಂಡ ಭಾನುವಾರಕ್ಕೆ ಮರ ಕಡಿಯುವವರನ್ನು ಗೊತ್ತುಮಾಡಿಯೇಬಿಟ್ಟ.

ಮರ ಅತ್ತೆ ಕೈಯಾರೆ ನೆಟ್ಟದ್ದು. “ಅದು ಸಾಯೋಕೆ ಮುಂಚೆ ಒಂದ್ಸಲ ಓದ್ಕೊಂಡಿರೋರಿಗೆ ತೋರ್ಸೋ” ಎಂದು ಮಗನೆದುರು ಕಣ್ಣೊರೆಸಿಕೊಂಡರು.

ಶನಿವಾರ ಮರದ ಡಾಕ್ಟರಮ್ಮ ಬಂದರು. ತಲೆಗೆ ಹೆಲ್ಮೆಟ್, ಹೆಗಲಿಗೆ ಹಗ್ಗ. ಮಾವ ಗಂಟಲು ಸರಿಮಾಡಿಕೊಂಡು, ದೊಡ್ಡ ಡಾಕ್ಟರಿಗೆ ವರದಿ ಒಪ್ಪಿಸುವ ಹಳೆಯ ದನಿ ತೆಗೆದರು:

“ಪೇಷಂಟಿಗೆ ಬಣ್ಣ ಹಳದಿ, ಗೆಲುವಿಲ್ಲ. ನನಗನ್ಸೋದು ಕಾಮಾಲೆ.”

ಡಾಕ್ಟರಮ್ಮ ಕಾಂಡಕ್ಕೆ ಸುತ್ತಿಗೆ ತಟ್ಟಿ ಕಿವಿಗೊಟ್ಟರು. ಬುಡ ಕೆದಕಿದರು. “ಇಷ್ಟು ಮಣ್ಣು ಯಾರು ಏರಿಸಿದ್ದು?”

ನಾವೆಲ್ಲ ಆಕಾಶ ನೋಡಿದೆವು.

“ಚಳಿ ಆಗ್ತಿತ್ತು, ಪಾಪ” ಎಂದರು ಮಾವ.

“ಉಸಿರು ಕಟ್ತಿದೆ ಸಾರ್. ತೊಗಟೆ ಕೊಳೀತಿದೆ, ಒಳಗಿನ್ನೂ ಗಟ್ಟಿಯಾಗಿದೆ. ಮಣ್ಣು ತೆಗೆಸಿ, ಒಣಗಿದ ಕೊಂಬೆ ನಾನು ಕತ್ತರಿಸ್ತೀನಿ. ಬದುಕುತ್ತೆ. ಆದ್ರೆ ಆಮೇಲೆ ನೀವು ಏನೂ ಮಾಡಬಾರ್ದು.”

“ಏನೂ ಅಂದ್ರೆ?”

“ಏನೂ ಇಲ್ಲ.”

ಮಾವ ಯೋಚಿಸಿದರು. “ದಿನಕ್ಕೆ ಎಷ್ಟು ಸಲ? ಊಟಕ್ಕೆ ಮುಂಚೇನೋ, ಆಮೇಲೋ?”

ಕಡಿಯುವವರಿಗೆ ಬೇಡವೆಂದು ಫೋನ್ ಹೋಯಿತು. ಅತ್ತೆ ಬಕೆಟ್ಟನ್ನು ಕೋಣೆಯೊಳಗಿಟ್ಟು ಬೀಗ ಜಡಿದು, ಮರದಡಿ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಮಾವ ಮಾತ್ರ ಬುಡದಿಂದ ತೆಗೆಸಿದ ಮಣ್ಣಿನ ರಾಶಿಯ ಸುತ್ತ ಕೆಲಸ ಕಳೆದುಕೊಂಡವರಂತೆ ಸುತ್ತತೊಡಗಿದರು.

ಮರುದಿನ ಗೋಡೆಯಾಚೆಯಿಂದ ಮಾವನ ದನಿ ಕೇಳಿತು. ಇಣುಕಿದೆ. ಪಕ್ಕದ ಮನೆಯಾಕೆಯ ಮುದ್ದಿನ ನಿಂಬೆ ಗಿಡಕ್ಕೆ ನಮ್ಮ ಹಿತ್ತಲಿನ ಮಣ್ಣು ಏರುತ್ತಿತ್ತು.

“ಸ್ವಲ್ಪ ಸೊರಗಿದೆಯಮ್ಮಾ. ನಾನಿದ್ದೀನಲ್ಲ, ಯೋಚ್ನೆ ಮಾಡ್ಬೇಡಿ.”

“ಅಯ್ಯೋ, ನಿಮ್ಮದು ಎಷ್ಟು ಒಳ್ಳೇ ಮನಸ್ಸು!” ಎಂದು ಆಕೆ ತಾನೇ ಬಕೆಟ್ ತಂದುಕೊಟ್ಟಳು.

ಕೂಗಿ ಹೇಳಲು ನಾನು ಬಾಯಿ ತೆರೆದೆ. ಕುರ್ಚಿಯಿಂದಲೇ ಅತ್ತೆ ನನ್ನ ಸೆರಗು ಜಗ್ಗಿದರು.

“ಸುಮ್ನಿರೇ. ಡಾಕ್ಟರಮ್ಮ ಏನಂದ್ರು? ಏನೂ ಮಾಡಬಾರ್ದು ಅಂತ ತಾನೇ?”