ಸುಣ್ಣದಕ್ಕನ ಗೆರೆ

ಹದಿನಾಲ್ಕು ಪಂದ್ಯ, ಹದಿನಾಲ್ಕೂ ಸೋಲು. ಹೆಣ್ಣುಮಕ್ಕಳ ಕಾಲೇಜಿನ ಫುಟ್‌ಬಾಲ್ ತಂಡ ಹಿಂದಿನ ವರ್ಷ ಸಂಪಾದಿಸಿದ್ದು ಇಷ್ಟೇ. ಐವತ್ತನೆಯ ಗೋಲು ಹೊಡೆಸಿಕೊಂಡ ಮೇಲೆ ಎಣಿಸುವುದನ್ನೇ ಬಿಟ್ಟಿದ್ದರು. ಮುಳುಗಿದವನಿಗೆ ಚಳಿಯೇನು, ಮಳೆಯೇನು? ಬೇರೆ ಕಾಲೇಜಿನವರು ಇವರ ಮೇಲೆ ಆಡುವ ದಿನ ತಮ್ಮ ಒಳ್ಳೆಯ ಆಟಗಾರ್ತಿಯರಿಗೆ ರಜೆ ಕೊಟ್ಟು, ಬೆಂಚು ಕಾಯುವವರನ್ನು ಕರೆತರುತ್ತಿದ್ದರು. ಅವರೂ ನಾಲ್ಕು ಗೋಲು ಹೊಡೆದು ನಗುತ್ತಾ ಬಸ್ಸು ಹತ್ತುತ್ತಿದ್ದರು.

ಈ ಅವಮಾನವನ್ನೆಲ್ಲ ಗೆರೆಯ ಪಕ್ಕದಲ್ಲೇ ನಿಂತು ನುಂಗಿಕೊಂಡವಳು ಸುಣ್ಣದಕ್ಕ. ಮೈದಾನ ನೋಡಿಕೊಳ್ಳುವುದು ಅವಳ ಕೆಲಸ. ಹುಲ್ಲು ಕತ್ತರಿಸಬೇಕು, ಗುಂಡಿ ಮುಚ್ಚಬೇಕು, ಪಂದ್ಯದ ದಿನ ಬೆಳಿಗ್ಗೆ ಸುಣ್ಣದ ಗೆರೆ ಎಳೆಯಬೇಕು. ಅದಕ್ಕೇ ಕೈ ಯಾವಾಗಲೂ ಮೊಣಕೈವರೆಗೆ ಬಿಳಿ. ಅವಳ ಅಪ್ಪ ಇದೇ ಮೈದಾನದಲ್ಲಿ ಮೂವತ್ತು ವರ್ಷ ಬೆನ್ನು ಬಗ್ಗಿಸಿದವನು. ಅವನ ನಂತರ ಇವಳದು ಹತ್ತೊಂಬತ್ತು. ಮೈದಾನದ ಮೂಲೆಯಲ್ಲಿ ಎರಡು ಕೋಣೆಗಳಿದ್ದವು. ಒಂದರಲ್ಲಿ ಹುಲ್ಲು ಕತ್ತರಿಸುವ ಯಂತ್ರ, ಇನ್ನೊಂದರಲ್ಲಿ ಅವಳು. ದೊಡ್ಡ ಕಿಟಕಿ ಇದ್ದದ್ದು ಯಂತ್ರದ ಕೋಣೆಗೆ. ಅದಕ್ಕಾಗಿ ಅವಳು ಕಾಲೇಜನ್ನು ಇನ್ನೂ ಕ್ಷಮಿಸಿರಲಿಲ್ಲ.

ಹದಿನಾಲ್ಕನೆಯ ಸೋಲಿನ ಮರುವಾರ ಆಡಳಿತ ಮಂಡಳಿ ಸೇರಿ ತೀರ್ಮಾನ ಮಾಡಿತು: ಇನ್ನೊಂದೇ ವರ್ಷ ನೋಡುವುದು. ಎಂಟು ತಂಡಗಳ ಲೀಗಿನಲ್ಲಿ ಮೊದಲ ನಾಲ್ಕರೊಳಗೆ ಬಂದರೆ ಸರಿ, ಇಲ್ಲದಿದ್ದರೆ ತಂಡ ಬರಖಾಸ್ತು, ಮೈದಾನ ವಾಹನ ನಿಲ್ಲಿಸುವ ಜಾಗ. ಆಗಲಿ, ಒಂದು ವರ್ಷ ಕಾಯಬೇಕಲ್ಲವೇ? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಎರಡೇ ದಿನದಲ್ಲಿ ಅಳತೆಯವರು ಬಂದರು. ಹುಡುಗಿಯರು ಅಭ್ಯಾಸ ಮಾಡುತ್ತಿದ್ದಾಗಲೇ, ಅವರ ಕಣ್ಣೆದುರೇ, ಹೊರಗೆರೆಯ ಆಚೆ ಕೆಂಪು ಬಣ್ಣ ಬಳಿದ ಕಬ್ಬಿಣದ ಗೂಟಗಳನ್ನು ಹೊಡೆದು ಹೋದರು. ಒಟ್ಟು ಹನ್ನೆರಡು.

ಹಳೆಯ ಕೋಚ್ ಅಷ್ಟರಲ್ಲಿ ಹೇಳದೆ ಕೇಳದೆ ಬೇರೆಲ್ಲೋ ಕೆಲಸ ಹಿಡಿದಿದ್ದ. ಭೌತಶಾಸ್ತ್ರದ ಲ್ಯಾಬಿನಲ್ಲಿ ಉಪಕರಣ ಒರೆಸಿಡುತ್ತಿದ್ದ ಮೇಷ್ಟ್ರು ಪ್ರಾಯದಲ್ಲಿ ಚೆನ್ನಾಗಿ ಆಡಿದ್ದವರು; ತಾನೇ ನೋಡಿಕೊಳ್ಳುತ್ತೇನೆಂದು ಮುಂದೆ ಬಂದರು. ಮೊದಲ ದಿನ ಅವರು ಹುಡುಗಿಯರನ್ನು ಕರೆದೊಯ್ದು ನಿಲ್ಲಿಸಿದ್ದು ಆ ಗೂಟಗಳ ಹತ್ತಿರ.

"ಗೂಟ ಹೊಡೆಯೋದು ಯಾಕೆ ಹೇಳಿ? ದನ ಕಟ್ಟೋಕೆ. ನೀವೇನು ದನಗಳಾ?"

ಎಡಗಾಲಿನಲ್ಲಿ ಆಡುತ್ತಿದ್ದ ಹುಡುಗಿ, ಎಲ್ಲರೂ ಎಡಚಿ ಎಂದು ಕರೆಯುತ್ತಿದ್ದವಳು, ಸಿಟ್ಟಿಗೆದ್ದು ಗೂಟಕ್ಕೆ ಒದ್ದಳು. ಗೂಟ ಅಲ್ಲಾಡಲಿಲ್ಲ. ಹೆಬ್ಬೆರಳು ಊದಿಕೊಂಡಿತು.

"ಅದನ್ನೇ ಚೆಂಡಿಗೆ ಒದಿ ಮಾರಾಯ್ತಿ," ಎಂದರು ಮೇಷ್ಟ್ರು.

ಸುಣ್ಣದಕ್ಕನೂ ಅಂದು ಹಠಕ್ಕೆ ಬಿದ್ದಳು. ಈ ವರ್ಷ ಗೆರೆ ಎಂದರೆ ಗೆರೆ, ಯಾರೂ ಬೆರಳು ತೋರಿಸಬಾರದು. ಅಪ್ಪ ಟೇಪು ಮುಟ್ಟಿದವನಲ್ಲ. ಅವನದೊಂದು ನಾರಿನ ಹಗ್ಗ ಇತ್ತು, ಅದರ ಮೇಲೆ ಅಳತೆಗೆ ತಕ್ಕಂತೆ ಗಂಟುಗಳು. ಗೋಲಿನ ಗೆರೆಯಿಂದ ಹಗ್ಗ ಎಳೆದರೆ ಮೊದಲನೆಯ ದೊಡ್ಡ ಗಂಟಿಗೆ ಪೆನಾಲ್ಟಿ ಚುಕ್ಕೆ, ಮುಂದಿನದಕ್ಕೆ ಪೆನಾಲ್ಟಿ ಅಂಗಳದ ಗೆರೆ. ಅದು ಈಗ ಕೊಳೆತು ಎಳೆ ಬಿಡುತ್ತಿತ್ತು. ಅವಳು ಬಟ್ಟೆ ಒಣಹಾಕುವ ಹೊಸ ನೈಲಾನ್ ಹಗ್ಗ ತಂದು, ಕೋಣೆಯ ಹೊರಗಿನ ಕಟ್ಟೆಯ ಮೇಲೆ ಎರಡನ್ನೂ ಅಕ್ಕಪಕ್ಕ ಹಾಸಿ, ಗಂಟಿಗೆ ಗಂಟು ಕೂಡಿಸಿ ಕಟ್ಟಿದಳು. ಹಳೆಯ ಹಗ್ಗವನ್ನು ಎಸೆಯಲು ಮನಸ್ಸು ಬಾರದೆ ಮೊಳೆಗೆ ತೂಗುಹಾಕಿದಳು.

ಮೊದಲ ಪಂದ್ಯದಲ್ಲಿ ಒಂದೇ ಗೋಲಿನಿಂದ ಸೋತರು. ಒಂದೇ! ಹುಡುಗಿಯರು ಗೆದ್ದವರಂತೆ ಕುಣಿದರು, ಗೆದ್ದ ತಂಡ ಪೆಚ್ಚಾಗಿ ನೋಡಿತು. ಎರಡನೆಯದು ಸಮ. ಮೂರನೆಯದನ್ನು ಗೆದ್ದ ಸಂಜೆ ಕ್ಯಾಂಟೀನಿನವನು, ಹಿಂದಿನ ವರ್ಷವಿಡೀ ಇವರನ್ನು ಕಂಡು ಮುಸಿ ಮುಸಿ ನಗುತ್ತಿದ್ದವನು, ಎಲ್ಲರಿಗೂ ಚಹಾ ಕೊಟ್ಟ. ಆಮೇಲೆ ಬೇರೆ ಕಾಲೇಜಿನವರು ಬೆಂಚು ಕಾಯುವವರನ್ನು ಕಳಿಸುವುದು ನಿಂತಿತು.

ಪೆನಾಲ್ಟಿ ಅಭ್ಯಾಸದಲ್ಲಿ ಮಾತ್ರ ಹುಡುಗಿಯರು ಗೊಣಗುತ್ತಿದ್ದರು.

"ಅಕ್ಕಾ, ಗೋಲು ಯಾಕೋ ಹಿಂದಕ್ಕೆ ಹೋದ ಹಾಗಿದೆ," ಎಂದಳು ಒಮ್ಮೆ ಎಡಚಿ.

"ಗೋಲಿಗೇನು ಕಾಲಿದೆಯಾ? ನಿನ್ನ ಕಾಲೇ ಗಿಡ್ಡ ಆಗಿರ್ಬೇಕು. ಕುಣೀಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ಸುಣ್ಣದಕ್ಕ.

ಮೇಷ್ಟ್ರು ಒಂದು ನಿಯಮ ಮಾಡಿದ್ದರು. ಪೆನಾಲ್ಟಿ ಒದೆಯುವವಳು ಒಬ್ಬಳಾದರೂ ಓಡಬೇಕಾದವರು ಎಲ್ಲರೂ. ಚೆಂಡು ಕಾಲು ಬಿಟ್ಟ ಕೂಡಲೇ ಅಂಗಳದ ಗೆರೆಯ ಹೊರಗೆ ನಿಂತವರು ಗೋಲಿನತ್ತ ನುಗ್ಗಬೇಕು, ತಡೆದ ಚೆಂಡು ತಿರುಗಿ ಬಂದರೆ ಮುಗಿಸಬೇಕು. ನಾಲ್ಕು ದಿನ ಓಡಿ ಉಳಿದವರು ಕೈಬಿಟ್ಟರು. ಬಿಡದೆ ಓಡಿದವಳು ನಿಧಾನಿ ಒಬ್ಬಳೇ. ಹಿಂದಿನ ವರ್ಷ ಆ ತಂಡದಲ್ಲೇ ಎಲ್ಲರಿಗಿಂತ ನಿಧಾನವಾಗಿ ಓಡುತ್ತಿದ್ದವಳು ಎಂದು ಬಂದ ಹೆಸರದು. ಅವಳು ಮುಟ್ಟುವಷ್ಟರಲ್ಲಿ ಚೆಂಡು ಯಾರದಾದರೂ ಕೈಯಲ್ಲಿರುತ್ತಿತ್ತು. "ಬಸ್ಸು ಹೋದ್ಮೇಲೆ ಕೈ ಅಡ್ಡ ಹಿಡೀತಾಳೆ," ಎಂದು ಗೆಳತಿಯರು ನಗುತ್ತಿದ್ದರು. ಅವಳು ಮಾರನೆಯ ದಿನ ಮತ್ತೆ ಓಡುತ್ತಿದ್ದಳು.

ಲೀಗಿನ ಕೊನೆಯ ಪಂದ್ಯ ಇದೇ ಮೈದಾನದಲ್ಲಿ, ಹೋದ ವರ್ಷ ಇವರಿಗೆ ಒಂಬತ್ತು ಗೋಲು ಹೊಡೆದಿದ್ದ ದೊಡ್ಡ ಕಾಲೇಜಿನ ಮೇಲೆ. ಗೆದ್ದರೆ ನಾಲ್ಕನೆಯ ಸ್ಥಾನ. ಇವರು ಎರಡು ಒಂದರಲ್ಲಿ ಮುಂದಿದ್ದಾಗ, ಮುಗಿಯಲು ಒಂದು ನಿಮಿಷವಿದೆ ಎನ್ನುವಾಗ ಎದುರು ತಂಡಕ್ಕೆ ಪೆನಾಲ್ಟಿ ಸಿಕ್ಕಿತು. ಅವರ ನಾಯಕಿ ಆ ವರ್ಷ ಒಂದನ್ನೂ ತಪ್ಪಿಸಿದವಳಲ್ಲ. ಚುಕ್ಕೆಯ ಮೇಲೆ ಚೆಂಡಿಟ್ಟು ಗೋಲು ನೋಡಿದಳು, ಮತ್ತೆ ಚುಕ್ಕೆ ನೋಡಿದಳು. ಒದ್ದಳು. ಚೆಂಡು ಮೆತ್ತಗೆ ಬಂದು ಇವರ ಗೋಲ್‌ಕೀಪರಳ ಎದೆಗೆ ಬಿತ್ತು.

ಮೈದಾನಕ್ಕೆ ಮೈದಾನವೇ ಎದ್ದು ನಿಂತಿತು. ಸುಣ್ಣದಕ್ಕ ಸುಣ್ಣದ ಕೈಯಲ್ಲೇ ಕಣ್ಣೊರೆಸಿಕೊಂಡು ಉರಿ ಬರಿಸಿಕೊಂಡಳು. ಆ ಗಲಾಟೆಯಲ್ಲಿ ಎದುರು ತಂಡದ ಕೋಚ್ ಗೋಲಿನಿಂದ ಚುಕ್ಕೆಯವರೆಗೆ ಹೆಜ್ಜೆ ಹಾಕಿ ಎಣಿಸಿದ್ದನ್ನು ಯಾರೂ ಗಮನಿಸಲಿಲ್ಲ.

ಆ ಕೋಚ್ ಕೊಟ್ಟ ದೂರಿನ ಮೇಲೆ ಮೂರನೆಯ ದಿನ ಲೀಗಿನ ಅಧಿಕಾರಿ ಉಕ್ಕಿನ ಟೇಪು ಹಿಡಿದು ಬಂದರು. ಸುಣ್ಣದಕ್ಕ ಅವರಿಗೆ ನೀರು ಕೊಟ್ಟು, "ಅಳೀರಿ ಸಾರ್, ಕೂದಲೆಳೆಯಷ್ಟೂ ತಪ್ಪಿರಲ್ಲ," ಎಂದಳು. ಅವರು ಅಳೆದರು. ಪೆನಾಲ್ಟಿ ಚುಕ್ಕೆ ಒಂದೂವರೆ ಹೆಜ್ಜೆ ದೂರವಿತ್ತು. ಅಂಗಳದ ಗೆರೆ ಎರಡು ಹೆಜ್ಜೆ. ಎಲ್ಲವೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗಿದ್ದರಿಂದ ವರ್ಷವಿಡೀ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅವಳು ಕೋಣೆಯ ಬಳಿ ಹೋಗಿ ಕಟ್ಟೆಯ ಮೇಲೆ ಹೊಸ ಹಗ್ಗವನ್ನು ಹಳೆಯದರ ಪಕ್ಕ ಹಾಸಿದಳು. ಗಂಟಿಗೆ ಗಂಟು ಸರಿಯಾಗಿತ್ತು. ಆಮೇಲೆ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಮೈದಾನದಲ್ಲಿ ಎಳೆಯುವಂತೆ ಬಿಗಿಯಾಗಿ ಎಳೆದಳು. ನೈಲಾನ್ ಹಿಗ್ಗಿತು. ಗಂಟುಗಳು ಅವಳ ಕಣ್ಣೆದುರೇ ಮುಂದೆ ಮುಂದೆ ಸರಿದವು. ನಾರಿನ ಹಗ್ಗ ಎಷ್ಟೆಳೆದರೂ ಹಿಗ್ಗದು. ನಲವತ್ತೊಂಬತ್ತು ವರ್ಷ ಹಿಗ್ಗದ ಹಗ್ಗ ಎಳೆದ ಮನೆಯವಳಿಗೆ ಹಗ್ಗವೂ ಹಿಗ್ಗುತ್ತದೆ ಎಂದು ಹೊಳೆದಿರಲಿಲ್ಲ. ಹಗ್ಗ ಕೈಬಿಟ್ಟು ಅಲ್ಲೇ ಕುಸಿದು ಕೂತಳು. ಅಪ್ಪ ಸತ್ತ ದಿನವೂ ಅವಳಿಗೆ ಇಷ್ಟು ನಾಚಿಕೆ, ಇಷ್ಟು ದುಃಖ ಒಟ್ಟಿಗೆ ಆಗಿರಲಿಲ್ಲ.

ದೂರು ಕೊಡುವ ಗಡುವು ಎರಡೇ ದಿನವಾದ್ದರಿಂದ ಹಳೆಯ ಪಂದ್ಯಗಳು ಉಳಿದವು. ಕೊನೆಯದು ರದ್ದಾಯಿತು. ಎಂಟು ದಿನ ಬಿಟ್ಟು ಅದನ್ನು ಮತ್ತೆ ಆಡಬೇಕು, ಅದೂ ದೊಡ್ಡ ಕಾಲೇಜಿನ ಮೈದಾನದಲ್ಲಿ. ಗೆದ್ದರೆ ನಾಲ್ಕನೆಯ ಸ್ಥಾನ, ಸಮವಾದರೂ ಐದನೆಯದು.

ಪ್ರಿನ್ಸಿಪಾಲರು ಮೇಷ್ಟ್ರನ್ನೂ ಸುಣ್ಣದಕ್ಕನನ್ನೂ ಕರೆಸಿದರು. ಮೇಜಿನ ಗಾಜಿನ ಕೆಳಗೆ ವಾಹನ ನಿಲ್ಲಿಸುವ ಜಾಗದ ನಕ್ಷೆ ಆಗಲೇ ಇತ್ತು.

"ಕಾಲೇಜಿನ ಮಾನ ಹರಾಜಾಯ್ತು. ಮೋಸ ಮಾಡಿ ಗೆದ್ರು ಅಂತಾರೆ. ಮರುಪಂದ್ಯ ಬೇಡ, ತಂಡ ವಾಪಸ್ ತಗೊಳ್ತೀನಿ ಅಂತ ಬರೆದುಬಿಡ್ತೀನಿ," ಎಂದರು.

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಸುಣ್ಣದಕ್ಕ ಎರಡು ಹೆಜ್ಜೆ ಮುಂದೆ ಬಂದಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ದನಿಯೆತ್ತಿದವಳಲ್ಲ.

"ಮೋಸ ಅಲ್ಲ ಸಾರ್, ತಪ್ಪು. ನನ್ನ ತಪ್ಪು. ಎಳೆದವಳು ನಾನು, ಶಿಕ್ಷೆ ನನಗೆ ಕೊಡಿ. ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕ್ತಾರಾ? ಹುಡುಗೀರು ಆಡ್ತಾರೆ."

"ಸೋತ್ರೆ?"

"ಸೋತ್ರೆ ಅವತ್ತೇ ಕೋಣೆ ಖಾಲಿ ಮಾಡ್ತೀನಿ. ನೀವು ನನ್ನ ಮುಖ ನೋಡೋದು ಬೇಡ."

ಪ್ರಿನ್ಸಿಪಾಲರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಕಿಟಕಿಯ ಕಡೆ ನೋಡಿದರು.

"ಮತ್ತೆ ಗೆದ್ರೆ ಏನ್ಮಾಡ್ತೀರಿ ಸಾರ್?" ಎಂದು ಅವಳೇ ಕೇಳಿದಳು.

ಅವರಿಗೆ ನಗು ಬಂತು. "ಗೆದ್ರೆ ಆ ಗೂಟಗಳನ್ನ ನೀನೇ ಕಿತ್ಕೋ ಹೋಗಮ್ಮ."

ಹುಡುಗಿಯರ ಮುಂದೆ ನಿಲ್ಲುವುದು ಅವಳಿಗೆ ಇದಕ್ಕಿಂತ ಕಷ್ಟವಾಯಿತು. ಎಡಚಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಇಡೀ ವರ್ಷ ನಿನ್ನ ಕಾಲೇ ಗಿಡ್ಡ ಅಂದ್ಯಲ್ಲಕ್ಕ."

"ತಪ್ಪಾಯ್ತು ಕಣೇ. ನೆಲಾನೇ ಡೊಂಕಿತ್ತು."

"ಹಾಗಾದ್ರೆ ನಾನು ನಿಧಾನಿ ಅಲ್ವಲ್ಲ?" ಎಂದಳು ನಿಧಾನಿ, ಆಸೆಯಿಂದ.

"ಅದು ಬೇರೆ ವಿಷಯ ಕಣೆ," ಎಂದಳು ಎಡಚಿ, ಮತ್ತೆ ಎಲ್ಲರೂ ನಕ್ಕರು. ಸುಣ್ಣದಕ್ಕನಿಗೆ ಆ ನಗು ಕೇಳಿ ಅಳು ಬಂತು.

ಕಾಲೇಜಿನ ವರ್ಕ್‌ಶಾಪಿನಿಂದ ಉಕ್ಕಿನ ಟೇಪು ತಂದು ಎಲ್ಲ ಗೆರೆಗಳನ್ನೂ ಹೊಸದಾಗಿ ಎಳೆದಳು. ಆದರೆ ವರ್ಷವಿಡೀ ದೂರದಿಂದ ಒದ್ದ ಕಾಲು ಒಂದೇ ದಿನದಲ್ಲಿ ಬುದ್ಧಿ ಕಲಿಯುತ್ತದೆಯೇ? ಎಡಚಿ ಒದ್ದ ಚೆಂಡುಗಳು ಗೋಲಿನ ಅಡ್ಡಕಂಬಿಯ ಮೇಲೆ ಹಾರಿ ಕ್ಯಾಂಟೀನಿನ ಛಾವಣಿಗೆ ಬಿದ್ದವು. ಎಂಟನೆಯ ದಿನಕ್ಕೆ ಹತ್ತರಲ್ಲಿ ಆರು ಒಳಗೆ ಹೋಗುತ್ತಿದ್ದವು, ಅಷ್ಟೇ.

ಪಂದ್ಯದ ದಿನ ಸುಣ್ಣದಕ್ಕ ತಂಡದ ಜೊತೆಗೇ ಬಸ್ಸು ಹತ್ತಿದಳು. ಟ್ರಂಕು ಕಟ್ಟಿ ಕೋಣೆಯ ಬಾಗಿಲ ಬಳಿ ಇಟ್ಟೇ ಬಂದಿದ್ದಳು. ಅಲ್ಲಿ ಇಳಿದವಳು ನೇರ ಮೈದಾನಕ್ಕೆ ನಡೆದು, ಅವರ ಕೋಚ್ ನೋಡುತ್ತಿದ್ದಂತೆ ಟೇಪು ಬಿಚ್ಚಿ ಅವರ ಪೆನಾಲ್ಟಿ ಚುಕ್ಕೆಯನ್ನು ಅಳೆದಳು. ನಮಗೂ ಅಳೆಯಲು ಬರುತ್ತದೆ ಎಂದು ತೋರಿಸಬೇಕಿತ್ತು. ಅಳತೆ ಕರಾರುವಾಕ್ಕಾಗಿತ್ತು. ಎಳೆದವನು ಯಾರೋ ಕೈಕುಶಲಿ ಎಂದು ಹೊಟ್ಟೆಕಿಚ್ಚಿನಲ್ಲೇ ಒಪ್ಪಿಕೊಂಡಳು.

ಮೊದಲ ಗೋಲು ಅವರದು. ಗ್ಯಾಲರಿಯಿಂದ "ಟೇಪು, ಟೇಪು" ಎಂಬ ಕೂಗು ಎದ್ದಿತು. ಇವರ ಹುಡುಗಿಯರು ತುಟಿ ಕಚ್ಚಿ ಆಡಿದರು, ಬಿದ್ದರು, ಎದ್ದರು, ವಿರಾಮ ಮುಗಿದ ಮೇಲೆ ಎಡಚಿ ಒಂದು ಗೋಲು ತೀರಿಸಿದಳು. ಒಂದಕ್ಕೊಂದು. ಸಮವಾದರೆ ಸಾಲದು. ಗಡಿಯಾರದಲ್ಲಿ ಇನ್ನೆರಡು ನಿಮಿಷ ಇದ್ದಾಗ ಅವರ ಆಟಗಾರ್ತಿಯೊಬ್ಬಳು ತಮ್ಮ ಅಂಗಳದೊಳಗೇ ಎಡಚಿಯ ಕಾಲಿಗೆ ಅಡ್ಡ ಬಂದಳು. ರೆಫರಿ ಚುಕ್ಕೆಯತ್ತ ಕೈ ತೋರಿದ.

ಎಡಚಿ ಚೆಂಡಿಟ್ಟಳು. ಈ ವರ್ಷದ ಎಲ್ಲವೂ ಆ ಚುಕ್ಕೆಯ ಮೇಲೆ ಬಂದು ಕೂತಿದೆ ಎಂದು ಸುಣ್ಣದಕ್ಕನಿಗೆ ಗೊತ್ತಿತ್ತು: ಮೈದಾನ, ಅಪ್ಪನ ಮೂವತ್ತು ವರ್ಷ, ಬಾಗಿಲ ಬಳಿಯ ಟ್ರಂಕು. ಎಡಚಿ ಕಂಬಿಯ ಮೇಲೆ ಹಾರಿಸಬಾರದೆಂಬ ಒಂದೇ ಹೆದರಿಕೆಯಲ್ಲಿ ಒದ್ದಳು. ಚೆಂಡು ಕೆಳಗೇ ಹೋಯಿತು, ಆದರೆ ನೇರ ಹೋಯಿತು. ಗೋಲ್‌ಕೀಪರ್ ಎರಡೂ ಕೈಯಲ್ಲಿ ತಡೆದಳು. ಚೆಂಡು ಪುಟಿದು ಹೊರಗೆ ಬಂತು.

ಸುಣ್ಣದಕ್ಕ ಕಣ್ಣು ಮುಚ್ಚಲಿದ್ದಳು. ಮುಚ್ಚಲಿಲ್ಲ, ಯಾಕೆಂದರೆ ಗೆರೆಯಿಂದ ಒಬ್ಬಳು ಆಗಲೇ ಹೊರಟಿದ್ದಳು. ವರ್ಷವಿಡೀ ಎರಡು ಹೆಜ್ಜೆ ಹಿಂದಿನಿಂದ ಓಡಿ ಓಡಿ, ಒಂದು ದಿನವೂ ಚೆಂಡು ಸಿಗದ ನಿಧಾನಿ. ಇಲ್ಲಿ ಗೆರೆ ಎರಡು ಹೆಜ್ಜೆ ಮುಂದಿತ್ತು. ಉಳಿದವರೆಲ್ಲ ಚೆಂಡು ಪುಟಿದದ್ದನ್ನು ಕಂಡು ಓಡಲು ಶುರುಮಾಡಿದಾಗ ಅವಳು ಅಲ್ಲಿದ್ದಳು. ಅಂದವಿಲ್ಲ ಚಂದವಿಲ್ಲ, ಮೊಣಕಾಲಿಗೋ ಪಾದಕ್ಕೋ ತಾಗಿದ ಚೆಂಡು ಉರುಳುತ್ತಾ ಒಳಗೆ ಹೋಯಿತು. ಅದರ ಹಿಂದೆಯೇ ಅವಳೂ ಬಲೆಯೊಳಗೆ ಹೋಗಿ ಬಿದ್ದಳು.

ಮಾರನೆಯ ದಿನ ಬೆಳಿಗ್ಗೆ ಪ್ರಿನ್ಸಿಪಾಲರು ಬಂದಾಗ ಹೊರಗೆರೆಯ ಆಚೆ ಹನ್ನೆರಡು ಗುಂಡಿಗಳಿದ್ದವು. ಗೂಟಗಳಲ್ಲಿ ಎಂಟು ಗೋಡೆಗೆ ಒರಗಿದ್ದವು. ಉಳಿದ ನಾಲ್ಕಕ್ಕೆ ಸುಣ್ಣದಕ್ಕ ದಾರ ಕಟ್ಟಿ ಪೆನಾಲ್ಟಿ ಅಂಗಳದ ಮೂಲೆಗಳಲ್ಲಿ ನೆಟ್ಟಿದ್ದಳು. ಪಕ್ಕದಲ್ಲಿ ಉಕ್ಕಿನ ಟೇಪು ಬಿದ್ದಿತ್ತು.

"ಏನಮ್ಮ ಇದು, ನಾನು ಮಾತಿಗೆ ಹೇಳಿದ್ದು," ಎಂದರು ಅವರು.

"ನಾನೂ ಮಾತಿಗೇ ಕಿತ್ತಿದ್ದು ಸಾರ್. ಒಳ್ಳೆ ಕಬ್ಬಿಣ. ನೆಟ್ಟಗೆ ನಿಲ್ತವೆ."

"ಆಟ ಎಲ್ಲಾ ಮುಗೀತಲ್ಲ. ಈಗ್ಯಾಕೆ ಗೆರೆ?"

"ಮುಂದಿನ ವರ್ಷಕ್ಕೆ."

ಪ್ರಿನ್ಸಿಪಾಲರು ಇನ್ನೇನೋ ಹೇಳಲು ಒಂದು ಹೆಜ್ಜೆ ಮುಂದಿಟ್ಟರು. ಸುಣ್ಣದಕ್ಕ ಬಗ್ಗಿದಲ್ಲಿಂದಲೇ ಬಿಳಿ ಕೈಯೆತ್ತಿ ತಡೆದಳು.

"ಅಲ್ಲೇ ನಿಂತ್ಕೊಳ್ಳಿ ಸಾರ್. ಸುಣ್ಣ ಇನ್ನೂ ಹಸಿ ಇದೆ, ಗೆರೆ ತುಳೀಬೇಡಿ."