ತೋಯ್ದ ಸೆರಗು

ಗದ್ವಾಲದ ನೇಕಾರರ ಮನೆಗಳಲ್ಲಿ ಮಾರುವ ಸೀರೆಗೆ ನೀರು ಮುಟ್ಟಿಸುವುದಿಲ್ಲ. ಮೈ ಬಿಳಿ ನೂಲು, ಸೆರಗು ಕೆಂಪು ರೇಷ್ಮೆ. ತೋಯ್ದರೆ ಕೆಂಪು ಬಿಳಿಗೆ ಇಳಿದು ಸೀರೆ ಕೆಟ್ಟಿತೆಂದೇ ಲೆಕ್ಕ. ಅಂಥದ್ದರಲ್ಲಿ ವ್ಯಾಪಾರಿ ಮಹಾಂತಯ್ಯ ಸಿಂಹಳ ದ್ವೀಪದಿಂದ ಮರಳಿ ತಂದ ಸೀರೆಯ ಮೈತುಂಬ ಕೆಂಪು ಗೆರೆ ಹರಿದಿದ್ದವು. ಜೊತೆಗೆ ಹೋಗಿದ್ದ ನೇಕಾರ ಯಲ್ಲಯ್ಯ ಬಂದಿರಲಿಲ್ಲ.

"ಇನ್ನೊಂದು ವರ್ಷ ಇದ್ದು ಬರ್ತೀನಿ ಅಂದಾನ್ರಿ," ಎಂದ ಮಹಾಂತಯ್ಯ.

"ಮಾಲು ಕೆಡಿಸಿ ಕಳಿಸ್ಯಾನಲ್ಲ, ನನ್ನ ಮಗ," ಎಂದಳು ಯಲ್ಲಯ್ಯನ ತಾಯಿ ಹನುಮಮ್ಮ. "ಕರೀ ಬಣ್ಣದಾಗ ಅದ್ದಿ ಮಾರಿಬಿಡೋಣ, ಬುಚ್ಚಮ್ಮ. ಒಲಿ ಹಚ್ಚು."

ಸೊಸೆ ಬುಚ್ಚಮ್ಮ ಏಳಲಿಲ್ಲ. ಎರಡು ವರ್ಷದ ಹಿಂದೆ ಗಂಡ ನಿಜಾಮರ ರೈಲು ಹತ್ತುವ ಮುನ್ನ ಅವಳು ಕೇಳಿದ್ದು ಒಂದೇ: ಅಲ್ಲಿ ಬೆಟ್ಟದ ತಲೆಯಿಂದ ನೀರು ಬೀಳುತ್ತದಂತೆ, ನನಗೂ ತೋರಿಸ್ರಿ. ಕೃಷ್ಣೆ ಬಂಡೆಗಳ ನಡುವೆ ಹರಿಯುವುದನ್ನಷ್ಟೇ ಕಂಡ ಹೆಣ್ಣು ಅವಳು. ಅವನು ನಕ್ಕು, ಇಬ್ಬರೂ ಕೂಡಿ ನೇಯ್ದ ಈ ಸೀರೆಯನ್ನು ಗಂಟಿನ ಮೇಲಿಟ್ಟುಕೊಂಡು ಹೋಗಿದ್ದ.

"ಹ್ಯಾಂಗ ತೋಯ್ತರೀ ಇದು?" ಬಾಗಿಲ ಮರೆಯಿಂದ ಕೇಳಿದಳು.

ಮಹಾಂತಯ್ಯ ಅಡಕೆ ಜಗಿಯುವುದನ್ನು ನಿಲ್ಲಿಸಿದ. "ಜಲಪಾತ ನೋಡಾಕ ಹೋದಾಗ ಬಗಲಾಗ ಇಟಗೊಂಡು ಬಂದನವ್ವ. ಸೀರಿಗೆ ಊರು ತೋರಸ್ತಿಯೇನಲೇ ಅಂತ ನಕ್ಕೆವು. ಅವ ಸೆರಗಿನ ತುದಿ ಎರಡೂ ಕೈಲೆ ಎತ್ತಿ ಹಿಡದು ನೀರಿನ ತುಂತುರಾಗ ನಿಂತ. ಕರದರೂ ಬರಲಿಲ್ಲ."

ಬುಚ್ಚಮ್ಮ ಸೀರೆ ಬಿಡಿಸಿದಳು. ಬಣ್ಣ ನೆಟ್ಟಗೆ ಇಳಿದಿರಲಿಲ್ಲ. ಎಲ್ಲ ಗೆರೆಗಳೂ ಒಂದೇ ಕಡೆಗೆ ವಾಲಿದ್ದವು.

"ಗಾಳಿ ಇತ್ತೇನ್ರಿ ಅಲ್ಲಿ?"

"ಇತ್ತವ್ವ, ಕಾಲು ಊರಾಕ ಬಿಡತಿರಲಿಲ್ಲ. ನಿನಗ ಯಾರು ಹೇಳಿದರು?"

ಅವಳು ಒಳಗೆ ಹೋದಳು. ಪೆಟ್ಟಿಗೆಯಿಂದ ತನ್ನ ಮದುವೆಯ ಸೀರೆ ತಂದು ಅತ್ತೆಯ ಮುಂದಿಟ್ಟಳು. ಮದುವೆಯ ದಿನ ಉಟ್ಟ ಮೇಲೆ ಅದರ ಮಡಿಕೆ ಬಿಚ್ಚಿರಲಿಲ್ಲ.

"ಇದನ್ನ ಮಾರ್ರಿ ಅತ್ತಿ. ಅದನ್ನ ಬಣ್ಣದಾಗ ಹಾಕಬ್ಯಾಡ್ರಿ."

ಹನುಮಮ್ಮ ಬೈಯಲೆಂದು ಬಾಯಿ ತೆರೆದಳು. ಕಣ್ಣು ಮಾತ್ರ ವಾಲಿದ ಗೆರೆಗಳ ಮೇಲೇ ಇತ್ತು. ನಿಧಾನಕ್ಕೆ ಬಂದು ಸೊಸೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಒಣಗಿ ಗರಿಗರಿಯಾದ ಸೆರಗನ್ನು ಎಳೆದುಕೊಂಡು, ತುದಿಯಲ್ಲಿ ಎರಡು ಕಡೆ ಮಾತ್ರ ಮುದ್ದೆಯಾಗಿ ಸುಕ್ಕುಗಟ್ಟಿದ್ದನ್ನು ಬೆರಳಿಂದ ಸವರಿದಳು.

"ಇಲ್ಲೇ ಹಿಡದಿದ್ದನೇನ ಅವ?"

"ಹೂಂ ಅತ್ತಿ," ಎಂದಳು ಬುಚ್ಚಮ್ಮ. "ಅಲ್ಲೇ."