ನೀಲಿ ನಿಲುವಂಗಿಯ ಎಡತೋಳು

"ಅದಲ್ಲ, ಅದಲ್ಲ," ಎಂದು ಟೈಲರ್ ತೊದಲಿದ. ಅಷ್ಟರಲ್ಲಿ ಮಗಳು ಅವನ ಎಡಗೈಯನ್ನು ಶರಟಿಗೆ ತೂರಿಸಿಯಾಗಿತ್ತು. ಈಗ ಪೂರ್ತಿ ಸ್ವಾಧೀನವಿಲ್ಲದ ಬಲಗೈಯನ್ನು ಹಿಂದಕ್ಕೆಳೆದು ಇನ್ನೊಂದು ತೋಳಿಗೆ ತುರುಕಲು ಹೆಣಗುತ್ತಿದ್ದಳು. ಸೋತ ಕೈಗೆ ಮೊದಲು ತೊಡಿಸಬೇಕು, ಗಟ್ಟಿ ಕೈ ಆಮೇಲೆ ತಾನೇ ದಾರಿ ಹುಡುಕಿಕೊಳ್ಳುತ್ತದೆ. ಅದು ಗೊತ್ತಿದ್ದವಳು ಪಕ್ಕದ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು.

"ನೋವಾಯ್ತಾ ಅಪ್ಪಾ?"

ಇಲ್ಲವೆಂದು ತಲೆಯಾಡಿಸಿದ. ನೋವಾಗಿತ್ತು.

ಬಾಗಿಲ ಆಚೆ ಅವನ ಅತ್ತಿಗೆ, ಹೆಂಡತಿಯ ಅಕ್ಕ, ಯಾರಿಗೋ ಹೇಳುತ್ತಿದ್ದಳು. "ನಾವೆಲ್ಲ ಇವರ ಕತೆ ಮುಗೀತು ಅಂದ್ಕೊಂಡು ಕೂತಿದ್ವಿ. ಇವಳು ಗುಂಡುಕಲ್ಲಿನ ಹಾಗಿದ್ದಳು. ಪಾತ್ರೆ ತೊಳೀತಾ ತೊಳೀತಾ ಹಾಗೇ ಕುಸಿದಳಂತೆ. ನಲ್ಲಿ ಸುರೀತಾನೇ ಇತ್ತಂತೆ."

ಪಾರ್ಶ್ವವಾಯು ಬಡಿದವನಿಗೆ ಕಿವಿಯೂ ಕೇಳಿಸುವುದಿಲ್ಲವೆಂದು ಜನ ಅದು ಹೇಗೋ ನಂಬಿಬಿಟ್ಟಿರುತ್ತಾರೆ. ಎದುರಿಗೆ ಬಂದು ಕಿರುಚುತ್ತಾರೆ, ಮರೆಯಲ್ಲಿ ನಿಂತು ಎಲ್ಲವನ್ನೂ ಆಡಿಬಿಡುತ್ತಾರೆ. ಟೈಲರನಿಗೆ ಅತ್ತಿಗೆಯ ಮೇಲೆ ಸಿಟ್ಟು ಬರಲಿಲ್ಲ. ಅವನ ಲೆಕ್ಕವೂ ಅದೇ ಆಗಿತ್ತು. ಸಾಲಿನಲ್ಲಿ ಮುಂದೆ ನಿಂತವನು ತಾನು, ಇವಳು ಹೇಳದೆ ಕೇಳದೆ ನುಗ್ಗಿ ಹೋಗಿದ್ದಳು.

ಮಗಳ ಹೆಗಲು ಹಿಡಿದು ಪಕ್ಕದ ಕೋಣೆಗೆ ಬಂದ. ಮಂಚದ ಬದಿಯ ಕುರ್ಚಿಯಲ್ಲಿ ಕುಳಿತು ಹೆಂಡತಿಯನ್ನು ನೋಡಿದ. ಅವಳಿಗೆ ಕಡುನೀಲಿ ನಿಲುವಂಗಿ ತೊಡಿಸಿದ್ದರು.

"ಬೀರುವಿನಲ್ಲಿ ಇದೊಂದೇ ಹೊಸದು ಅಂತ ಇದ್ದದ್ದು," ಎಂದಳು ಮಗಳು. "ಚೆನ್ನಾಗಿ ಕಾಣ್ತಾಳೆ ಅಲ್ವಾ?"

ಚೆನ್ನಾಗಿಯೇ ಕಾಣುತ್ತಿದ್ದಳು. ಆದರೆ ಟೈಲರನ ಕಣ್ಣು ಅವಳ ಎಡ ಮುಂಗೈಯ ಹತ್ತಿರ ಸಿಕ್ಕಿಬಿದ್ದಿತ್ತು. ಅಲ್ಲಿ ತೋಳಿನ ಅಂಚನ್ನು ಮಡಿಸಿ ಬಿಳಿ ದಾರದಲ್ಲಿ ಹಾಕಿದ ಕಚ್ಚಾ ಹೊಲಿಗೆ ಹಾಗೇ ಇತ್ತು. ಅದು ಅವನೇ ಹಾಕಿದ್ದು.

*

ಬೀದಿಗೆಲ್ಲ ಅವನು ನಾಳೆ ಟೈಲರ್. ಯಾರು ಯಾವಾಗ ಕೇಳಿದರೂ ನಾಳೆ ಬನ್ನಿ. ಕಟ್ಟಿಕೊಂಡವಳಿಗೂ ರಿಯಾಯಿತಿ ಇರಲಿಲ್ಲ. ಅವಳು ಆಸೆಪಟ್ಟು ತಂದ ನೀಲಿ ಬಟ್ಟೆ ಗಿರಾಕಿಗಳ ಬಟ್ಟೆಯ ರಾಶಿಯಡಿ ಬೆಚ್ಚಗೆ ನಿದ್ದೆ ಹೊಡೆಯುತ್ತಿತ್ತು. ಕಾದು ಕಾದು ಸಾಕಾಗಿ ಒಂದು ಸಂಜೆ ಅವಳೇ ಗಿರಾಕಿಯ ಹಾಗೆ ಅಂಗಡಿಯ ಮೆಟ್ಟಿಲೇರಿ ಬಂದಳು.

"ಏನ್ರೀ ಟೈಲರ್ರೇ, ಮುಂಗಡ ಕೊಟ್ಟಿಲ್ಲ ಅಂತ ಸತಾಯಿಸ್ತಿದ್ದೀರಾ?"

"ಎಲ್ಲಾ ಆಯ್ತು ಕಣೇ. ಎಡತೋಳಿನ ಅಂಚೊಂದಿದೆ. ನಾಳೆ."

ಆ ನಾಳೆ ಅವನು ಆಸ್ಪತ್ರೆಯಲ್ಲಿದ್ದ.

ಮನೆಗೆ ಬಂದ ಮೇಲೆ ಅವನನ್ನು ಎಬ್ಬಿಸಿದವಳು, ಹೊರಳಿಸಿದವಳು, ಒರೆಸಿದವಳು, ಬಾಯಿಗೆ ತುತ್ತಿಟ್ಟವಳು ಅವಳು. ಅವನ ತೊದಲು ಊರಿಗೆಲ್ಲ ಅರ್ಥವಾಗದಿದ್ದರೂ ಅವಳಿಗೆ ಆಗುತ್ತಿತ್ತು. ಬೆರಳಿಗೆ ಬಲ ಬರಲೆಂದು ಆಸ್ಪತ್ರೆಯವರು ರಬ್ಬರ್ ಚೆಂಡು ಕೊಟ್ಟಿದ್ದರು. ಅವನು ಅದನ್ನು ಗೋಡೆಗೆ ಎಸೆದ.

"ಸರಿ ಬಿಡಿ, ಚೆಂಡಾಟ ಆಡೋ ವಯಸ್ಸಾ ನಿಮ್ಮದು?" ಎಂದು ಅವಳು ಅಂಗಡಿಯಿಂದ ದೊಡ್ಡ ಕಣ್ಣಿನ ಸೂಜಿ ತಂದಳು. ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರು ಕುಳಿತು ಸೂಜಿ ಹಿಡಿದಳು. ಅವನು ಬಲಗೈಯಲ್ಲಿ ದಾರ ಹಿಡಿದ. ಎಷ್ಟೋ ದಿನ ದಾರ ಎಲ್ಲೆಲ್ಲೋ ಹೋಯಿತು. ಒಂದು ಬೆಳಗ್ಗೆ ಸೂಜಿಯ ಕಣ್ಣಿನಲ್ಲಿ ಸರ್ರನೆ ತೂರಿತು. ಅವಳು ಕಿರುಚಿದ ರಭಸಕ್ಕೆ ಪಕ್ಕದ ಬೀಗದಂಗಡಿಯವನು ಏನು ಗ್ರಹಚಾರವೋ ಎಂದು ಕೈಯಲ್ಲಿ ಅರದ ಸಮೇತ ಓಡಿಬಂದಿದ್ದ.

ಆಮೇಲೆ ದಾರ ದಿನಾ ಹೋಗತೊಡಗಿತು. "ನಮ್ಮವರು ಸೂಜಿ ಪೋಣಿಸ್ತಾರೆ! ಇನ್ನೇನು, ಅಂಗಡಿ ಬಾಗಿಲು ತೆಗೆಯೋದೇ!" ಎಂದು ಅವಳು ಕಂಡಕಂಡವರಿಗೆಲ್ಲ ಡಂಗುರ ಹೊಡೆದಳು. ಅವನು ಅದನ್ನು ನಂಬಿದ. ಬೆಳಗ್ಗೆ ಏಳಲು ಅವನಿಗಿದ್ದ ಕಾರಣ ಅದೊಂದೇ.

*

"ಸೂ... ಜಿ," ಎಂದ ಟೈಲರ್.

"ಇಂಜೆಕ್ಷನ್ನಾ? ಎಲ್ಲಿ ನೋವು?" ಅತ್ತಿಗೆ ಅವನ ಕಿವಿಗೆ ಬಾಯಿಟ್ಟು ಕೂಗಿದಳು.

ಅವನು ಎಡಗೈಯಿಂದ ನಿಲುವಂಗಿಯ ತೋಳು ತೋರಿಸಿದ. ಬಾಗಿಲಲ್ಲಿ ನಿಂತಿದ್ದ ಬೀಗದಂಗಡಿಯವನಿಗೆ ತಕ್ಷಣ ಹೊಳೆಯಿತು. "ಹೊಲಿಗೆ ಹಾಕ್ಬೇಕಂತೆ ಅವನಿಗೆ."

"ಈಗಲಾ? ಗಾಡಿಯವನು ಆಗಲೇ ಅವಸರ ಮಾಡ್ತಿದ್ದಾನೆ," ಎಂದಳು ಅತ್ತಿಗೆ. "ಹೋಗೋ ಹೊತ್ತಲ್ಲಿ ತೋಳಿನ ಅಂಚು ಯಾರು ನೋಡ್ತಾರೆ?"

"ನಾನು," ಎಂದ ಟೈಲರ್. ಆ ಒಂದು ಮಾತು ಸ್ವಲ್ಪವೂ ತೊದಲಲಿಲ್ಲ.

ಅತ್ತಿಗೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಮಗಳು ನೀಲಿ ದಾರ, ಸೂಜಿ ತಂದು ತಾನೇ ಪೋಣಿಸಲು ಹೊರಟಳು.

"ಅವನ ಕೈಗೆ ಕೊಡಮ್ಮಾ," ಎಂದ ಬೀಗದಂಗಡಿಯವನು. "ಅವನಿಗೆ ಬರುತ್ತೆ. ದಿನಾ ಪೋಣಿಸ್ತಾನೆ, ನಿಮ್ಮಮ್ಮನೇ ಹೇಳ್ತಿದ್ದರು."

ಮಗಳು ಅವನ ಮುಂದೆ ಮಂಡಿಯೂರಿ ಸೂಜಿ ಹಿಡಿದಳು. ಟೈಲರ್ ಬಲಗೈಯ ಬೆರಳಲ್ಲಿ ದಾರ ಹಿಡಿದು ಮುಂದೆ ತಂದ. ದಾರ ಸೂಜಿಯ ಪಕ್ಕದಲ್ಲಿ ಹಾದುಹೋಯಿತು. ಇನ್ನೊಮ್ಮೆ ತಂದ, ಮೇಲೆ ಹೋಯಿತು. ಮತ್ತೊಮ್ಮೆ ತಂದರೆ ಮಗಳ ಹೆಬ್ಬೆರಳಿಗೆ ತಾಗಿತು.

"ನನ್ನ ಕೈಯೇ ನಡುಗ್ತಿದೆಯೇನೋ, ತಡಿ," ಎಂದು ಮಗಳು ಇನ್ನೊಂದು ಕೈಯಿಂದ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಉಸಿರು ಕಟ್ಟಿದಳು. ಸೂಜಿ ಕೂದಲೆಳೆಯಷ್ಟೂ ಅಲುಗದೆ ನಿಂತಿತು. ದಾರ ಮತ್ತೆ ಪಕ್ಕಕ್ಕೆ ಹೋಯಿತು.

ಟೈಲರ್ ನಿಶ್ಚಲವಾಗಿ ನಿಂತ ಆ ಸೂಜಿಯನ್ನೇ ನೋಡಿದ. ತನ್ನ ಕೈ ಒಂದು ದಿನವೂ ಗುರಿ ಮುಟ್ಟಿರಲಿಲ್ಲ. ನಡುಗುವ ದಾರ ಎಲ್ಲಿಗೆ ಹೋದರೆ ಅಲ್ಲಿಗೆ ಹೆಂಡತಿ ಸೂಜಿಯನ್ನೇ ತರುತ್ತಿದ್ದಳು. ತಂದು, ತೂರಿಸಿ, ಕಿರುಚಿ, ಚಪ್ಪಾಳೆ ತಟ್ಟುತ್ತಿದ್ದಳು. ಅಂಗಡಿ ತೆಗೆಯುವ ಮಾತು ಅಲ್ಲಿಗೆ ಮುಗಿಯಿತು. ಮೋಸಗಾತಿ, ಎಂದುಕೊಂಡ. ನಾನು ಒಂದು ತೋಳು ಮುಗಿಸಿಕೊಡಲಿಲ್ಲ, ನೀನು ನನಗೆ ಇಡೀ ಕೈಯನ್ನೇ ಕೊಟ್ಟಿದ್ದೆಯಲ್ಲೇ.

"ನಾನೇ ಪೋಣಿಸಿ ಕೊಡ್ಲಾ ಅಪ್ಪಾ?"

ಬೇಡವೆಂದು ತಲೆಯಾಡಿಸಿದ. ಎಡಗೈಯಿಂದ ಮಗಳ ಮಣಿಕಟ್ಟು ಹಿಡಿದು, ಅವಳ ಕೈಯನ್ನು ಮೆಲ್ಲಗೆ ದಾರದ ಕಡೆಗೆ ಎಳೆದುಕೊಂಡ. ದಾರ ಒಳಗೆ ಹೋಯಿತು.

ಹೊರಗೆ ಗಾಡಿಯವನು ಹಾರನ್ ಬಾರಿಸಿದ. ಬೀಗದಂಗಡಿಯವನು ಹೋಗಿ ಅವನನ್ನು ಸುಮ್ಮನಾಗಿಸಿ ಬಂದ. ಮಗಳು ಅಂಚನ್ನು ಮಡಿಸಿ ಹಿಡಿದುಕೊಟ್ಟಳು, ಟೈಲರ್ ಅಭ್ಯಾಸವಿಲ್ಲದ ಎಡಗೈಯಲ್ಲಿ ಒಂದೊಂದೇ ಹೊಲಿಗೆ ಹಾಕಿದ. ಹೊಸದಾಗಿ ಕಲಿಯುವವರ ಕೈಯ ಉದ್ದುದ್ದ, ಸೊಟ್ಟ ಹೊಲಿಗೆಗಳು. ಬೇರೆ ಯಾರಾದರೂ ಹಾಕಿದ್ದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದ. ಕೊನೆಗೆ ಗಂಟು ಹಾಕಿ, ದಾರ ಕಡಿಯಲು ಹಲ್ಲಿಗೆ ಸಿಗುವಂತೆ ಹೆಂಡತಿಯ ಮುಂಗೈಯ ಮೇಲೆ ಬಾಗಿದ.

"ಕತ್ತರಿ ಕೊಡ್ಲಾ?" ಎಂದಳು ಅತ್ತಿಗೆ.

"ಸುಮ್ನಿರಿ ದೊಡ್ಡಮ್ಮ," ಎಂದಳು ಮಗಳು.

ದಾರ ಆಗಲೇ ತುಂಡಾಗಿ, ಸೂಜಿ ಅವನ ಬೆರಳಲ್ಲಿ ತೂಗುತ್ತಿತ್ತು. ಅವನ ತುಟಿ ಅವಳ ತಣ್ಣನೆಯ ಮುಂಗೈಯ ಮೇಲೇ ಇತ್ತು.